ದಂಡದ ಗುಳಿಗೆ

ಒಂದು ಕಾಲದಲ್ಲಿ ನಮ್ಮ ಅಂಕಲಿ ಕಡೆ ಲಾರಿಯ ಪ್ರೆಶರ್ ನೋಡುವವರೂ ಮನುಷ್ಯರ ಪ್ರೆಶರ್ ನೋಡುವವರೂ ಒಬ್ಬರೇ ಆಗಿದ್ದರು ಎಂದರೆ ಈಗಿನವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ? ನಾನು ಕಣ್ಣಾರೆ ಕಂಡವನು. ನನ್ನ ಲಾರಿಯ ಡೀಸೆಲ್ ಪಂಪು ಹೊಂದಿಸಿಕೊಡುತ್ತಿದ್ದ ಆ ಮಿಸ್ತ್ರಿ ಈಗಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲಿಯೂ ಅವರು ಬರೀ ಮಿಸ್ತ್ರಿಯಾಗಿಯೇ ಇರಲಿ.

ಆಗ ನನ್ನದೊಂದು ಲಾರಿ ಇತ್ತು. ನಾನೇ ಮಾಲೀಕ, ನಾನೇ ಡ್ರೈವರ್, ಕೆಟ್ಟು ನಿಂತರೆ ತಳ್ಳುವವನೂ ನಾನೇ. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು, ಉಳಿದ ದಿನ ನಿಪ್ಪಾಣಿಗೆ ತಂಬಾಕು. ಡೀಸೆಲ್ ಗಾಡಿಯ ಪಂಪಿನ ಸ್ವಭಾವ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎಂಜಿನ್ನಿಗೆ ಎಣ್ಣೆಯನ್ನು ಒತ್ತಿ ಉಣಿಸುವುದು ಅದೇ. ಒತ್ತಡ ಹೆಚ್ಚಾದರೆ ಕರಿ ಹೊಗೆ ಕಾರುತ್ತದೆ, ಕಡಿಮೆಯಾದರೆ ಏರಿನಲ್ಲಿ ಕೆಮ್ಮುತ್ತ ನಿಂತುಬಿಡುತ್ತದೆ. ನಡುವಿನ ಹದ ಹಿಡಿಯುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ನಿಜ ಹೇಳಬೇಕೆಂದರೆ ನಮ್ಮ ಮಿಸ್ತ್ರಿ ಕೈಯಲ್ಲೂ ಕೆಲವು ಸಲ ಆಗುತ್ತಿರಲಿಲ್ಲ. ಆದರೆ ಆಗಲಿಲ್ಲ ಎಂದು ಅವರು ಒಪ್ಪಿಕೊಂಡದ್ದನ್ನು ಯಾರೂ ಕೇಳಿಲ್ಲ.

ಗಿಡ್ಡ ಆಳು. ಬಲಗಿವಿ ಯಾವಾಗಲೂ ಕಪ್ಪು. ಎಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಒಳಗಿನ ಬಡಿತ ಕೇಳುವುದು ಅವರ ಪದ್ಧತಿ. ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದರೆ ಮುಗಿಯಿತು ಅವರ ಕಥೆ. ಕೆಲಸದ ನಡುವೆ ಗಾಡಿಯ ಜೊತೆ ಮಾತಾಡುತ್ತಿದ್ದರು. ಕರ್ನಾಟಕ ಪಾಸಿಂಗಿನ ಗಾಡಿಗೆ ಕನ್ನಡ, ಮಹಾರಾಷ್ಟ್ರ ಪಾಸಿಂಗಿನ ಗಾಡಿಗೆ ಮರಾಠಿ. ಕಾಗವಾಡದವನೊಬ್ಬ ಮಿರಜಿನಲ್ಲಿ ಹಳೆಯ ಲಾರಿ ಕೊಂಡು ತಂದಾಗ, ನಂಬರ್ ಪ್ಲೇಟ್ ಬದಲಾಗುವ ತನಕ ಮಿಸ್ತ್ರಿ ಅದಕ್ಕೆ ಮರಾಠಿಯಲ್ಲೇ ಬೈದರು. "ಅದಕ್ಕ ಇನ್ನೂ ಕನ್ನಡ ತಿಳಿಯಂಗಿಲ್ಲ" ಎಂದು ನನಗೇ ಬುದ್ಧಿ ಹೇಳಿದರು. ಪ್ಲೇಟ್ ಬದಲಾದ ದಿನ "ಹ್ಞಾಂ, ಈಗ ಕೇಳಲೇ" ಎಂದು ಬಾನೆಟ್ಟಿನ ಮೇಲೆ ಒಂದು ಏಟು ಕೊಟ್ಟರು.

ಈಗ ಬೋರ್ಡಿನ ವಿಷಯ. ರಸ್ತೆಗೆ ಕಾಣುವ ಹಾಗೆ ಒಂದು ಬೋರ್ಡು ಬೇಕೆಂದು ನಿಪ್ಪಾಣಿಯಿಂದ ಪೇಂಟರನ್ನು ಕರೆಸಿದರು. "ಇಲ್ಲಿ ಎಲ್ಲ ತರಹದ ಲಾರಿಗಳ ಡೀಸೆಲ್ ಪಂಪಿನ ಪ್ರೆಶರ್ ನೋಡಿ ಹೊಂದಿಸಿ ಕೊಡಲಾಗುವುದು" ಎಂದು ಬರೆಯಬೇಕಿತ್ತು. ಪೇಂಟರ್ ಅಕ್ಷರ ದೊಡ್ಡದು ಮಾಡಿದ, ತಗಡು ಸಾಲದೆ ಹೋಯಿತು. ಯಾವ ಮಾತು ತೆಗೆಯಲಿ ಎಂದು ಕೇಳಿದ. ಲಾರಿ ತೆಗಿ, ಡೀಸೆಲ್ ಪಂಪು ತೆಗಿ ಎಂದರು ಮಿಸ್ತ್ರಿ.

"ಪ್ರೆಶರ್ ಅಂತ ಇದ್ರ ಸಾಕೋ ಮಾರಾಯಾ. ಜಗತ್ತಿನ್ಯಾಗ ಮತ್ಯಾವ ಪ್ರೆಶರ್ ಐತಿ?"

ಹೀಗೆ "ಇಲ್ಲಿ ಎಲ್ಲ ತರಹದ ಪ್ರೆಶರ್ ನೋಡಿ ಹೊಂದಿಸಿ ಕೊಡಲಾಗುವುದು" ಎಂಬ ಬೋರ್ಡು ಹಾದಿಬದಿಗೆ ನಿಂತಿತು. ಅಮಾವಾಸ್ಯೆ ಬಂತು. ಯಡೂರಿನ ವೀರಭದ್ರನಿಗೆ ನಡೆದುಕೊಳ್ಳುವ ಮಂದಿ ಟೆಂಪೋ ಹಿಡಿದು ಆ ಹಾದಿಯಲ್ಲೇ ಬಂದರು. ಚಹಕ್ಕೆ ಇಳಿದಾಗ ದಿಗ್ಗೇವಾಡಿಯ ಒಬ್ಬ ಮುದುಕಿಗೆ ಯಾರೋ ಬೋರ್ಡು ಓದಿ ಹೇಳಿದ್ದಾರೆ. ಆಯಿ ಸೀದಾ ಬಂದು ನನ್ನ ಲಾರಿಯ ಬಿಚ್ಚಿಟ್ಟ ಟಾಯರಿನ ಮೇಲೆ ಕೂತು, ಸೆರಗು ಸರಿಸಿ ತೋಳು ಚಾಚಿದಳು.

"ನೋಡಪ್ಪಾ ನಂದೂ."

ಮಿಸ್ತ್ರಿ ಮೊದಲು ನನ್ನನ್ನು ನೋಡಿದರು, ಆಮೇಲೆ ತೋಳನ್ನು ನೋಡಿದರು. ಬಂದ ಗಿರಾಕಿಯನ್ನು ಹಿಂದೆ ಕಳಿಸಿದವರಲ್ಲ. "ಏನ ತ್ರಾಸ ಐತಿ?" ಎಂದು ಕೇಳಿದರು.

"ಏರ ಹತ್ತುಮುಂದ ದಮ್ಮ ಬರತೈತಿ. ಮುಂಜಾನಿ ಎದ್ದ ಕೂಡ್ಲೆ ಕೈಕಾಲ ಆಡಂಗಿಲ್ಲ. ಒಮ್ಮೆ ಬಿಸಿ ಆದ್ವು ಅಂದ್ರ ಪಾಡ ಅಕ್ಕಾವ, ಚಲೋ ಆಡತಾವ."

ಅಯ್ಯ ಶಿವನೇ! ಅರ್ಧ ತಾಸಿನ ಹಿಂದೆ ನಾನು ನನ್ನ ಲಾರಿಯ ಬಗ್ಗೆ ಹೇಳಿದ ದೂರು ಅಕ್ಷರ ಬಿಡದೆ ಇದೇ. ಮಿಸ್ತ್ರಿಯ ಕಣ್ಣು ಅರಳಿತು. ಸ್ಕ್ರೂಡ್ರೈವರ್ ಒರೆಸಿಕೊಂಡು, ತುದಿಗೆ ಅರಿವೆ ಸುತ್ತಿ, ಮುದುಕಿಯ ಬೆನ್ನಿಗೆ ಮೆಲ್ಲಗೆ ಊರಿ ಹಿಡಿಕೆಗೆ ಕಿವಿ ಕೊಟ್ಟರು. ಉಸಿರು ಬಿಡಲೂ ಹೆದರಿ ನಾನು ಪಕ್ಕಕ್ಕೆ ನಿಂತೆ.

"ಎಂಜಿನ್ ಗಟ್ಟಿ ಐತಿ ಆಯಿ, ಚಿಂತಿ ಮಾಡಬ್ಯಾಡ. ಎಣ್ಣಿ ಕಡಿಮಿ ಮಾಡು. ಉಪ್ಪೂ ಕಡಿಮಿ ಮಾಡು. ಏರ ಬಂತಂದ್ರ ಗೇರ್ ಇಳಸು."

"ಗೇರ್ ಅಂದ್ರ?"

"ಸಾವಕಾಶ ನಡಿ ಅಂದಂಗ."

ಎಣ್ಣೆ, ಉಪ್ಪು ಕಡಿಮೆ ಮಾಡಿ ಸಾವಕಾಶ ನಡೆದರೆ ಯಾರಿಗೆ ಹಗುರಾಗುವುದಿಲ್ಲ ಹೇಳಿ? ಮುಂದಿನ ಅಮಾವಾಸ್ಯೆಗೆ ಆಯಿ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಆಮೇಲೆ ರಾಯಬಾಗದವರು, ಅಥಣಿಯವರು. ಗ್ಯಾರೇಜಿನ ಒಂದು ಕಡೆ ಲಾರಿಗಳ ಸಾಲು, ಇನ್ನೊಂದು ಕಡೆ ಮುದುಕಿಯರ ಸಾಲು. ಡ್ರೈವರುಗಳು ಹಲ್ಲು ಕಡಿಯುತ್ತಿದ್ದರು. ಮಿಸ್ತ್ರಿ ಮುಟ್ಟುತ್ತಿದ್ದದ್ದು ಯಡೂರಿನ ಪ್ರಸಾದದ ಕೊಬ್ಬರಿ ಮಾತ್ರ, ಒಂದು ಪೈಸೆಯೂ ಇಲ್ಲ. ಅವರನ್ನು ಹುಚ್ಚ ಎನ್ನಲಿಕ್ಕೂ ಬರುವಂತಿರಲಿಲ್ಲ. ಕಣ್ಣು ಕತ್ತಲೆ ಬರುತ್ತದೆ, ಎದೆ ಹಿಡಿಯುತ್ತದೆ ಎಂದು ಯಾರಾದರೂ ಅಂದರೆ ಸಾಕು, ಸ್ಕ್ರೂಡ್ರೈವರ್ ಕೆಳಗಿಡುತ್ತಿದ್ದರು. "ನಿಂದು ಬ್ಯಾರೆ ಮಾಡಲ್. ನನ್ನ ಹತ್ರ ಪಾರ್ಟ್ಸ್ ಇಲ್ಲ. ಡಾಕ್ಟರ್ ಕಡೆ ಹೋಗು" ಎಂದು ಊರೊಳಗಿನ ಡಾಕ್ಟರ ದವಾಖಾನೆಗೆ ಅಟ್ಟುತ್ತಿದ್ದರು. ಹಾಗೆ ಅವರು ಯಾವತ್ತೂ ಡಾಕ್ಟರ ಕಡೆ ಕಳಿಸದ ಮನುಷ್ಯ ಒಬ್ಬರೇ, ಸ್ವತಃ ತಾವು.

ಒಂದು ದಿನ ನನ್ನ ಗಾಡಿಯ ಪಂಪಿನ ಮೇಲೆ ಬಗ್ಗಿದವರು ಹಾಗೇ ಮುಂದಕ್ಕೆ ವಾಲಿ ರೇಡಿಯೇಟರಿನ ಮೇಲೆ ತಲೆಯಿಟ್ಟರು. ಮುಖ ಸುಟ್ಟ ಇಟ್ಟಿಗೆಯ ಹಾಗೆ ಕೆಂಪಾಗಿತ್ತು. ನಾನು ಓಡಿಹೋಗಿ ನೀರು ತಂದು ಚಿಮುಕಿಸಿದೆ. ಎಚ್ಚರವಾದ ಕೂಡಲೇ ಸ್ಕ್ರೂಡ್ರೈವರಿನ ತುದಿಯನ್ನು ತಮ್ಮ ಎದೆಗೇ ಊರಿಕೊಂಡು, ಕತ್ತು ಸೊಟ್ಟ ಮಾಡಿ ಹಿಡಿಕೆಗೆ ಕಿವಿ ತಾಗಿಸಲು ಒದ್ದಾಡಿ, "ಎಲ್ಲಾ ಪಾಡ ಐತಿ, ಏನೂ ಆಗಿಲ್ಲ" ಎಂದು ತೀರ್ಪು ಕೊಟ್ಟರು. ಸಂಜೆ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದರು. ನಾನು ಅವರಿಗೆ ಕಾಕಿ ಎನ್ನುತ್ತಿದ್ದೆ.

"ತಮ್ಮಾ, ಇವರಪ್ಪ ಚಾ ಕುಡ್ಕೋತ ಕುಂತಾಂವ ಬಾಯಿ ಸೊಟ್ಟಾಗಿ ಹ್ವಾದ. ಇವರಣ್ಣನೂ ಹಂಗ ಹ್ವಾದ. ಮಂದೀದೆಲ್ಲಾ ನೋಡ್ತಾರ, ತಮ್ದ ನೋಡಸ್ಕೊಳ್ಳಂಗಿಲ್ಲ. ಇವರ ಪಾಳಿ ಬರೂದ ಕಾಯ್ಕೋತ ನಾ ಹೆಂಗ ಕೂಡ್ಲಿ?"

ನಾನು ಮಿಸ್ತ್ರಿಗೆ ಹೇಳಿನೋಡಿದೆ. "ನಾ ಡಾಕ್ಟರ್ ಕಡೆ ಹೋದ್ರ ಆ ಬೋರ್ಡ ಯಾಕ ಬೇಕು? ಕಿತ್ತ ತಗದು ಕೋಳಿ ಗೂಡಿಗೆ ಹೊದಸು" ಎಂದರು. ಅಷ್ಟಕ್ಕೆ ಮಾತು ಮುಗಿಯಿತು.

ಡಾಕ್ಟರ ಹತ್ತಿರ ಒಂದು ಹಳೆಯ ಡೀಸೆಲ್ ಜೀಪಿತ್ತು. ಪಂಪು ನೋಡಿಸುವ ನೆಪದಲ್ಲಿ ಗ್ಯಾರೇಜಿಗೆ ಬನ್ನಿ ಎಂದು ನಾನೂ ಕಾಕಿಯೂ ಬೇಡಿಕೊಂಡೆವು. ಪಾಪ, ಬಂದರು. ಜೀಪಿನ ಕೆಲಸ ಮುಗಿದ ಮೇಲೆ ಪ್ರೆಶರ್ ನೋಡುವ ಪೆಟ್ಟಿಗೆ ತೆರೆದು, "ನೀವು ನನ್ನ ಗಾಡಿ ನೋಡೀರಿ, ನಾ ನಿಮ್ದು ನೋಡ್ತೀನಿ, ಲೆಕ್ಕ ಚುಕ್ತಾ" ಎಂದರು.

"ಮೊದಲ ನಾ ನಿಮ್ದ ನೋಡಾಂವ" ಎಂದರು ಮಿಸ್ತ್ರಿ.

ಕಲಿತ ಡಾಕ್ಟರು ಅಂಗಿ ಎತ್ತಿಕೊಂಡು ನಿಂತರು, ನಮ್ಮ ಮಿಸ್ತ್ರಿ ಬೆನ್ನಿಗೆ ಸ್ಕ್ರೂಡ್ರೈವರ್ ಊರಿ ಕೇಳಿದರು. "ಐಡ್ಲಿಂಗ್ ಜಾಸ್ತಿ ಐತ್ರಿ, ಸುಮ್ನ ನಿಂತಾಗೂ ಜೋರ ಓಡತೈತಿ. ಚಾ ಕಡಿಮಿ ಮಾಡ್ರಿ." ಸಾಲಿನಲ್ಲಿದ್ದ ಮುದುಕಿಯರು ಹೌದೌದು ಎಂದು ತಲೆಯಾಡಿಸಿದರು.

ಆಮೇಲೆ ಡಾಕ್ಟರು ಮಿಸ್ತ್ರಿಯ ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಚೆಂಡು ಒತ್ತಿದರು. ಪಾದರಸ ಏರಿತು, ಏರುತ್ತಲೇ ಹೋಯಿತು. ಡಾಕ್ಟರ ಮುಖದ ನಗು ಇಳಿಯಿತು. ಮತ್ತೊಮ್ಮೆ ನೋಡಿದರು.

"ಮಿಸ್ತ್ರಿ, ಇದು ಹಂಗ ಬಿಡೂವಂಥಾದ್ದಲ್ಲ. ಇವತ್ತಿನಿಂದಾನ ಗುಳಿಗಿ ಚಾಲೂ ಮಾಡಬೇಕು."

"ನಿಮ್ಮ ಮೀಟರ್ ಸುಳ್ಳ ಹೇಳಾಕತ್ತೈತಿ. ಚೆಕ್ ಮಾಡ್ಸಿ ಎಷ್ಟ ದಿನ ಆತು?"

"ಇದನ್ನ್ಯಾಕ ಚೆಕ್ ಮಾಡ್ಸೂದು?"

ಅದೇ ತಪ್ಪಾಯಿತು ನೋಡಿ. ಚೆಕ್ ಮಾಡಿಸದ ಮೀಟರು ಎಂಬ ಮಾತು ಕೇಳಿ ಮಿಸ್ತ್ರಿಗೆ ಮೈ ಉರಿಯಿತು. ಗ್ಯಾರೇಜಿನಲ್ಲಿ ನಾಝಲ್ ಪರೀಕ್ಷಿಸುವ ಒಂದು ಕೈಪಂಪು ಇತ್ತು. ಹಿಡಿಕೆ ಒತ್ತಿದರೆ ಡೀಸೆಲ್ಲನ್ನು ಗುಂಡಿನ ಹಾಗೆ ಚಿಮ್ಮಿಸುವಂಥದ್ದು. ಡಾಕ್ಟರು ಚಹದ ಬಟ್ಟಲು ಬಾಯಿಗಿಡುವಷ್ಟರಲ್ಲಿ ಮಿಸ್ತ್ರಿ ಪಾದರಸದ ಪೆಟ್ಟಿಗೆಯ ರಬ್ಬರ್ ನಳಿಕೆಯನ್ನು ಕಿತ್ತು, ಆ ಪಂಪಿನ ಬಾಯಿಗೆ ಸಿಕ್ಕಿಸಿ, "ಈಗ ಖರೇ ಸುಳ್ಳ ಗೊತ್ತಾಕ್ಕೈತಿ" ಎಂದು ಹಿಡಿಕೆ ಒತ್ತಿಬಿಟ್ಟರು.

ಪಟ್ ಎಂದಿತು. ಗಾಜಿನ ಕೊಳವೆ ಚೂರಾಯಿತು. ಡಾಕ್ಟರ ಬಿಳಿ ಅಂಗಿ ಡೀಸೆಲ್ಲಿನಲ್ಲಿ ಮಿಂದಿತು. ಪಾದರಸದ ಗುಂಡುಗಳು ನೆಲದ ತುಂಬ ಓಡಾಡಿದವು. ಬೆಳ್ಳಿ, ಬೆಳ್ಳಿ ಎಂದು ಮುದುಕಿಯರು ಎದ್ದು ಬಂದರೆ, ಮುಟ್ಟಬೇಡಿ, ವಿಷ ಎಂದು ಡಾಕ್ಟರು ಅವರ ಹಿಂದೆ ಓಡಿದರು. ನಾನು ರಟ್ಟಿನ ಚೂರಿನಿಂದ ಗುಂಡು ಬಳಿಯುತ್ತ, ಕೋಳಿಗಳನ್ನು ಓಡಿಸುತ್ತ, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡೆ. ಕಾಕಿ ಮಾತ್ರ ನಗಲಿಲ್ಲ, ಗೋಡೆಗೆ ಒರಗಿ ನಿಂತಿದ್ದರು.

ಇಲ್ಲಿ ಮಿಸ್ತ್ರಿಯ ಒಂದು ಕಾಯ್ದೆಯ ಬಗ್ಗೆ ಹೇಳಲೇಬೇಕು. ಇನ್ನೊಬ್ಬರ ವಸ್ತು ಒಡೆದವನು ದಂಡ ಕಟ್ಟಬೇಕು. ರೊಕ್ಕ ಕೊಟ್ಟು ಮುಗಿಸಿದರೆ ಅದು ದಂಡವಲ್ಲ, ಖರೀದಿ ಎನ್ನುತ್ತಿದ್ದರು. ವಸ್ತುವಿನ ಒಡೆಯ ಏನು ಹೇಳುತ್ತಾನೋ ಅದೇ ದಂಡ, ಅವನು ಮಾಫ್ ಎನ್ನುವ ತನಕ ಬಿಡುವಂತಿಲ್ಲ. ಹಿಂದೆ ನಟ್ಟು ಬಿಚ್ಚುವ ಅವರ ಪಾನಾ ಮುರಿದ ಡ್ರೈವರನೊಬ್ಬ ಆ ಹಾದಿಯಲ್ಲಿ ಹೋದಾಗಲೆಲ್ಲ ಗ್ಯಾರೇಜಿನ ಮುಂದೆ ಗಾಡಿ ನಿಧಾನ ಮಾಡಿ ಕೈ ಮುಗಿಯಬೇಕೆಂದು ದಂಡ ಹಾಕಿದ್ದರು. ಅವನು ಮುಂದೆ ಬಸ್ಸು ನಡೆಸತೊಡಗಿದ. ಅಲ್ಲಿ ಯಾವುದೋ ದೇವರು ಇರಬೇಕೆಂದು ಬಸ್ಸಿನವರೆಲ್ಲ ಕೈ ಮುಗಿದು ಹೋಗುತ್ತಿದ್ದರು.

ಈಗ ಆ ಕಾಯ್ದೆ ಮಿಸ್ತ್ರಿಯ ಕೊರಳಿಗೇ ಬಂದಿತ್ತು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

"ತಪ್ಪಾತ್ರಿ ಡಾಕ್ಟರ್. ಮಂದಿ ಹತ್ಯಾರ ಒಡದೆ. ದಂಡ ಹೇಳ್ರಿ."

ಡಾಕ್ಟರು ಮುಖದ ಡೀಸೆಲ್ ಒರೆಸಿಕೊಂಡರು. ಕಾಕಿಯ ಕಡೆ ಒಮ್ಮೆ ನೋಡಿದರು. ಜಾಣ ಮನುಷ್ಯ.

"ದಿನಾ ಮುಂಜಾನಿ ಒಂದ ಗುಳಿಗಿ ನುಂಗಬೇಕು. ನಾ ಮಾಫ್ ಅನ್ನೂತನಾ."

"ಅದು ಔಷಧ ಅಲ್ಲೇನ್ರಿ?"

"ಅಲ್ಲ. ದಂಡ."

ದಂಡವೆಂದ ಮೇಲೆ ಮಿಸ್ತ್ರಿ ಒಪ್ಪಿ, ಟೊಪ್ಪಿಗೆ ಮತ್ತೆ ತಲೆಗಿಟ್ಟರು. ಮರುದಿನ ಮುಂಜಾನೆ ಗ್ಯಾರೇಜಿನ ಮುಂದೆ, ರಸ್ತೆಗೆ ಮುಖ ಮಾಡಿ ನಿಂತು, ಎಲ್ಲರಿಗೂ ಕಾಣುವ ಹಾಗೆ ಗುಳಿಗೆ ನುಂಗಿದರು. ಕೇಳಿದವರಿಗೆಲ್ಲ "ನನಗ ಯಾವ ಪ್ರೆಶರೂ ಇಲ್ಲ, ದಂಡ ಕಟ್ಟಾಕತ್ತೀನಿ" ಎನ್ನುತ್ತಿದ್ದರು. ಮದುವೆಗೆ ಹೋದರೂ ಜೇಬಿನಲ್ಲಿ ಗುಳಿಗೆ. ಅಥಣಿಯಲ್ಲಿ ಒಮ್ಮೆ ಅಕ್ಷತೆಯ ಹೊತ್ತಿಗೆ ನೆನಪಾಗಿ, ಒಂದು ಕೈಯಲ್ಲಿ ಅಕ್ಷತೆ ಹಾಕಿ ಇನ್ನೊಂದು ಕೈಯಲ್ಲಿ ದಂಡ ಕಟ್ಟಿದರು. ಮುಖದ ಕೆಂಪು ಇಳಿಯಿತು, ತಲೆಸುತ್ತು ನಿಂತಿತು. ಕಾಕಿ ಮತ್ತೆ ನಗತೊಡಗಿದರು. ಹೀಗೆ ಎಷ್ಟೋ ವರ್ಷ ನಡೆಯಿತು.

ಆಮೇಲೆ ಡಾಕ್ಟರು ದವಾಖಾನೆ ಮುಚ್ಚಿ ಮಗನಿದ್ದ ಊರಿಗೆ ಹೊರಟರು. ಅವರ ಸಾಮಾನು ಹೇರಿದ್ದು ನನ್ನ ಲಾರಿಗೇ. ನಾನು ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದೆ, ಡಾಕ್ಟರು ಓಣಿಯವರಿಗೆ ಹೇಳಿ ಬರಲು ಹೋಗಿದ್ದರು. ಮಿಸ್ತ್ರಿ ಬಂದು ಡಾಕ್ಟರ ಹೆಂಡತಿಯ ಮುಂದೆ ಟೊಪ್ಪಿಗೆ ತೆಗೆದು ನಿಂತರು. "ಬಾಯಾರ, ನಿಮ್ಮ ಮಷೀನ ಒಡದ ಪಾಪ ಇನ್ನೂ ನನ್ನ ಮ್ಯಾಲ ಐತ್ರಿ" ಎಂದರು. ಆ ತಾಯಿಗೆ ಏನು ಗೊತ್ತು? ಮನಸ್ಸು ದೊಡ್ಡದು.

"ಅಯ್ಯ, ಆ ಹಳೇ ಪೆಟಗಿ ಇನ್ನೂ ನೆನಪಿಟ್ಟೀರೇನು? ಎಲ್ಲಾ ಮಾಫ್ ರೀ ಮಿಸ್ತ್ರಿ!"

ಬಾಯಾರ, ಬ್ಯಾಡ್ರಿ ಎಂದು ಮೇಲಿಂದ ಕೂಗಿದೆ. ಕಪಾಟಿನ ಕಾಲು ಮುರಿಯಿತೇನೋ ಎಂದು ಆಕೆ ಗಾಬರಿಯಾದರು, ಅಷ್ಟೇ. ಮಾತು ಬಾಯಿಂದ ಬಿದ್ದಾಗಿತ್ತು. ಡಾಕ್ಟರು ಬಂದು ನಾನು ಮಾಫ್ ಮಾಡಿಲ್ಲ, ಮಾಡುವುದೂ ಇಲ್ಲ ಎಂದು ಎಷ್ಟು ಕೂಗಾಡಿದರೂ ಮಿಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. "ಮನಿ ಯಜಮಾಂತಿ ಅಂದ್ಳು ಅಂದ್ರ ಮುಗೀತ್ರಿ" ಎಂದು ಕೈ ಮುಗಿದು ನಡೆದರು. ಮರುದಿನದಿಂದ ಗುಳಿಗೆ ಬಂದ್.

ಮುಖಕ್ಕೆ ಮತ್ತೆ ಕೆಂಪು ಹತ್ತಿತು. ಗೋಡೆ ಹಿಡಿದು ನಡೆಯತೊಡಗಿದರು. ಏನಾದರೂ ಒಡೆಸಿ ಹೊಸ ದಂಡ ಹಾಕಿಸಬೇಕೆಂದು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಕೈಗಡಿಯಾರ ಬಿಚ್ಚಿ ಅವರ ಮೊಣಕೈ ಹತ್ತಿರ ಇಟ್ಟರೆ ಎರಡು ಬೆರಳಲ್ಲಿ ಎತ್ತಿ ನನ್ನ ಜೇಬಿಗೇ ಇಳಿಸಿದರು. ಅವರ ಕಾಲಡಿ ಕನ್ನಡಕ ಇಟ್ಟೆ, ದಾಟಿಕೊಂಡು ಹೋದರು, ಹಿಂದೆ ಬಂದ ನಾನೇ ತುಳಿದೆ. "ಒಂದ ಲಾರಿ ಸಾವ್ಕಾರ, ನಿನಗ ಕಣ್ಣ ಕಾಣಂಗಿಲ್ಲೇನು?" ಎಂದು ನಕ್ಕರು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಒಂದು ಮುಂಜಾನೆ ಕಾಕಿ ಗುಳಿಗೆ, ನೀರು ಹಿಡಿದು ಗ್ಯಾರೇಜಿಗೇ ಬಂದರು. ನಾನಿದ್ದೆ, ಇನ್ನೂ ಇಬ್ಬರು ಡ್ರೈವರುಗಳಿದ್ದರು. ಗುಳಿಗೆ ಹಿಡಿದ ಕೈಯನ್ನು ಮಿಸ್ತ್ರಿಯ ಬಾಯಿಯ ತನಕ ಒಯ್ದರು. "ಹೇಳೇನಿಲ್ಲ ನಿನಗ, ದಂಡ ಮುಗದೈತಿ" ಎಂದು ಮಿಸ್ತ್ರಿ ಆ ಕೈಯನ್ನು ಝಾಡಿಸಿದರು. ಕೈ ಹೋಗಿ ಲಾರಿಯ ಬಂಪರಿಗೆ ಬಡಿಯಿತು. ಹಸಿರು ಗಾಜಿನ ಬಳೆಗಳು ಚೂರಾಗಿ ಎಣ್ಣೆ ನೆಲಕ್ಕೆ ಬಿದ್ದವು.

ನಮ್ಮಲ್ಲಿ ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಮುತ್ತೈದೆಯ ಕೈ ಬರಿದಾಗುವುದು ಗಂಡ ಹೋದಾಗ. ಮಿಸ್ತ್ರಿಯೂ ಹಾಗೇ ಮೆಲ್ಲಗೆ, "ಬಳಿ ಹೆಚ್ಚಿದ್ವು ನೋಡು" ಎಂದರು.

"ಹೆಚ್ಚಿಲ್ಲ. ಒಡದ್ವು" ಎಂದರು ಕಾಕಿ. "ಬಳಿ ನನ್ನವು. ಒಡದಾವ್ರು ನೀವು. ದಂಡ ಕಟ್ರಿ."

ಕಾಕಿ ಬಗ್ಗಿ ಗುಳಿಗೆ ಹುಡುಕಿದರು, ಸೆರಗಿನಿಂದ ಎಣ್ಣೆ ಒರೆಸಿದರು.

"ದಿನಾ ಒಂದು."

"ಎಲ್ಲೀತನಾ?" ಮಿಸ್ತ್ರಿಯ ದನಿ ಸಣ್ಣದಾಗಿತ್ತು.

"ನನ್ನ ಕೈಯಾಗ ಬಳಿ ಇರೂತನಾ."

ಮಿಸ್ತ್ರಿ ಆಕೆಯ ಬರಿದಾದ ಮುಂಗೈ ನೋಡಿದರು, ರಕ್ತ ಜಿನುಗುತ್ತಿತ್ತು. ಗುಳಿಗೆ ತೆಗೆದುಕೊಂಡು ನುಂಗಿದರು. ನಾನು ಲಾರಿಯ ಹಿಂದೆ ಹೋಗಿ ಟಾಯರಿಗೆ ಮುಖ ಕೊಟ್ಟು ಅತ್ತೆ, ನಾಚಿಕೆಯೇನಿಲ್ಲ. ಅದೇ ಮಧ್ಯಾಹ್ನ ಮಿಸ್ತ್ರಿ ಬಳೆಗಾರನನ್ನು ಕರೆಸಿ ಕಾಕಿಯ ಎರಡೂ ಕೈಗೆ ಮೊಣಕೈವರೆಗೆ ಬಳೆ ಇಡಿಸಿದರು. ಇಷ್ಟು ಬಳೆ ಇಟ್ಟರೆ ರೊಟ್ಟಿ ಬಡಿಯುವುದು ಹೇಗೆ ಎಂದು ಕಾಕಿ ಜಗಳ ತೆಗೆದರು.

ಗಂಡ ಮೊದಲು ಹೋದಾನೆಂಬ ಹೆದರಿಕೆಯಲ್ಲೇ ಬದುಕಿದ ಆ ಹೆಂಗಸು, ಕೆಲವು ವರ್ಷದ ಮೇಲೆ ಚಳಿಗಾಲದ ಒಂದು ಜ್ವರಕ್ಕೆ ತಾವೇ ಮೊದಲು ಹೋದರು. ಅರಿಷಿಣ ಹಚ್ಚಿ, ಕುಂಕುಮ ಇಟ್ಟು, ಕೈತುಂಬ ಹಸಿರು ಬಳೆಯ ಜೊತೆಗೇ ಮಣ್ಣು ಮಾಡಿದರು. ಮರುದಿನ ಮುಂಜಾನೆ ನಾನು ಹೋದಾಗ ಮಿಸ್ತ್ರಿ ಅಡುಗೆಮನೆಯಲ್ಲಿ ಕಾಕಿ ಗುಳಿಗೆ ಇಡುತ್ತಿದ್ದ ಡಬ್ಬಿ ಹುಡುಕುತ್ತಿದ್ದರು. ನಾನು ಮೂರ್ಖನ ಹಾಗೆ ಅಂದೆ:

"ಮಿಸ್ತ್ರಿ, ದಂಡ ಮುಗೀತಲ್ರಿ."

ಡಬ್ಬಿ ಸಿಕ್ಕಿತು. ಮಿಸ್ತ್ರಿ ಒಂದು ಗುಳಿಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು.

"ಹೆಂಗ ಮುಗೀತೈತಿ ತಮ್ಮಾ? ಆಕಿ ಬಳಿ ಇಟಗೊಂಡ ಹೋಗ್ಯಾಳ."